ಸೇಡಂ ರಸ್ತೆಯ ಕೌನ್ಸೆಲಿಂಗ್ ಕೋಣೆ: ಮಗನನ್ನು ರಿಪೇರಿ ಮಾಡಿಕೊಡುವುದಿಲ್ಲ, ಆದರೂ ಹೋಗಿ

5ಕ್ಕೆ 3.5. ಒಂದು ಅಂಕ ಕಳೆದದ್ದು ಪ್ಲೈವುಡ್ ಗೋಡೆಗೆ, ಅರ್ಧ ಅಂಕ ರಸೀದಿ ಕೊಡದ್ದಕ್ಕೆ. ಕೌನ್ಸೆಲಿಂಗ್ ಮಾಡುವ ಮೇಡಂ ಬೇಡ ಅಂದದ್ದಕ್ಕೆ ಹೆಸರು ಹಾಕಿಲ್ಲ.

ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವವ. ಮಗನಿಗೆ 23. ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದವನಿಗೆ ಕಾಲೇಜಿನ ಸೀನಿಯರ್ ಒಬ್ಬ ಗಂಟುಬಿದ್ದ. 'ತಮ್ಮಾ, ತಮ್ಮಾ' ಅನ್ನುತ್ತ ಚಹಾ ಕುಡಿಸಿದ, ಹುಟ್ಟಿದಹಬ್ಬಕ್ಕೆ ಕೇಕ್ ತಂದ, ಕೊನೆಗೆ ಸೋಪು, ಪ್ರೋಟೀನ್ ಪುಡಿ ತುಂಬಿದ ಕಿಟ್ಟನ್ನು ₹18,000ಕ್ಕೆ ತಲೆಗೆ ಕಟ್ಟಿದ. ಈಗ ಇವನೂ ಆರು ಜನರನ್ನು ಸೇರಿಸಬೇಕಂತೆ. ನಾನು ಬಾಯಿ ತೆರೆದರೆ ಸಾಕು, "ಅಪ್ಪಾ, ನೀ ಬರೇ ನೆಗೆಟಿವ್ ಮಾತಾಡ್ಲತ್ತಿ" ಅಂತಾನೆ. ಹಿಂದೆಂದೂ ಆಡದ ಮಾತು.

ಮೇಡಂ ಅವನನ್ನು ಕರೆಸಿ ನಾಲ್ಕು ಬುದ್ಧಿಮಾತು ಹೇಳುತ್ತಾರೆಂಬ ಆಸೆಯಿಂದ ನಾನೂ ನನ್ನ ಹೆಂಡತಿಯೂ ಹೋದೆವು. ಅವರು ಮೊದಲೇ ಅದನ್ನು ತೆಗೆದುಹಾಕಿದರು. "ಅಂವ ದೊಡ್ಡಾಂವ ಆಗ್ಯಾನ್ರಿ. ತಾನಾಗೇ ಬಂದ್ರ ಮಾತಾಡ್ತೀನಿ, ಎಳಕೊಂಡು ಬರಬ್ಯಾಡ್ರಿ." ಹಾಗಾದರೆ ₹600 ಯಾಕೆ ಕೊಡಬೇಕು ಅಂತ ನನಗೆ ಅನಿಸಿದ್ದು ಸುಳ್ಳಲ್ಲ.

ಆದರೆ ಆಮೇಲೆ ಹೇಳಿದ ಒಂದು ಮಾತಿಗೇ ಆ ದುಡ್ಡು ವಸೂಲಾಯಿತು. ಆ ಸೀನಿಯರ್ ಮೊದಲೇ ಮಗನ ಕಿವಿಯಲ್ಲಿ ಹಾಕಿಟ್ಟಿರುತ್ತಾನಂತೆ: ಮನೆಯವರು ಬೈಯುತ್ತಾರೆ, ಅವರಿಗೆ ನಿನ್ನ ಏಳಿಗೆ ಕಾಣುವುದಿಲ್ಲ ಅಂತ. "ನೀವು ಬೈದಷ್ಟೂ ಅವನ ಮಾತು ಖರೇ ಆಗ್ಲತ್ತದ ನೋಡ್ರಿ. ಅವನ ಕೆಲಸ ನೀವೇ ಮಾಡಿಕೊಡ್ಲತ್ತೀರಿ."

ನನ್ನ ಬಳಿ ಒಂದು ಲೆಕ್ಕದ ಹಾಳೆ ಇತ್ತು. ಒಬ್ಬ ಆರು ಜನರನ್ನು, ಆ ಆರು ಮಂದಿ ತಲಾ ಆರು ಜನರನ್ನು ಸೇರಿಸುತ್ತ ಹೋದರೆ ಒಂಬತ್ತನೇ ಮೆಟ್ಟಿಲಿಗೆ 1,00,77,696 ಜನ ಬೇಕು. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯೇ 25.66 ಲಕ್ಷ. ಹದಿಮೂರನೇ ಮೆಟ್ಟಿಲಿಗೆ 1,306 ಕೋಟಿ, ಭೂಮಿಯ ಮೇಲೇ ಅಷ್ಟು ಜನರಿಲ್ಲ. ಇಂಥ ಹಣದ ಸರಪಳಿಯನ್ನು 1978ರ ಕಾಯ್ದೆಯೇ ನಿಷೇಧಿಸಿದೆ, 2021ರ ನೇರ ಮಾರಾಟ ನಿಯಮಗಳಲ್ಲೂ ಪಿರಮಿಡ್ ಯೋಜನೆಗೆ ಜಾಗವಿಲ್ಲ. ಹಾಳೆ ನೋಡಿ ಮೇಡಂ ಮೆಚ್ಚಿದರು, ಆದರೆ ಮಗನ ಮುಂದೆ ಹಿಡಿಯಬೇಡಿ ಅಂದರು. ಬಂದದ್ದು, ಹೋದದ್ದು ಅವನ ಕೈಯಲ್ಲೇ ಬರೆಸಿ, ಪೆಟ್ರೋಲು, ಹಾಲ್ ಬಾಡಿಗೆ, ಟೈ ಎಲ್ಲ ಸೇರಿಸಿ. ಉತ್ತರ ನೀವು ಹೇಳಬೇಡಿ. ಮುನೀಮನಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಎರಡನೇ ಕಿಟ್ಟಿಗಾಗಿ ಬಳೆ ಅಡವಿಡಲು ಹೊರಟಿದ್ದ ನನ್ನ ಹೆಂಡತಿಗೆ ಬೇರೆಯೇ ಪಾಠವಾಯಿತು. ಆ ಸೀನಿಯರ್ ಮನೆಗೇ ಬಂದು, "ಅವ್ವಾರ, ಮಗನ ಮ್ಯಾಲ ನಿಮಗ ವಿಶ್ವಾಸ ಇಲ್ಲೇನ್ರಿ?" ಅಂತ ಕೇಳಿ ಹೋಗಿದ್ದ. ಅದಕ್ಕೆ ಮೇಡಂ ಕಲಿಸಿದ ಉತ್ತರ: "ಮಗನ ಮ್ಯಾಲ ಅದ. ರೊಕ್ಕ ಮಾತ್ರ ಕೊಡಂಗಿಲ್ಲ." ಕಾರಣ ಕೊಡಬೇಡಿ, ಕೊಟ್ಟರೆ ಅದಕ್ಕೆ ಅವನ ಬಳಿ ಉತ್ತರ ಇದ್ದೇ ಇರುತ್ತದೆ. ಹೆಂಡತಿ ಇದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದಳು. ಅವನು ಮತ್ತೆ ಬಂದಾಗ ಅಷ್ಟನ್ನೇ ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತಳು. ಚಹಾ ಕುಡಿಯದೆಯೇ ಹೋದ.

ಇನ್ನು ಕೊರತೆಗಳು. ಪಕ್ಕದ ಕೋಣೆಯ ಗಂಡ-ಹೆಂಡತಿಯ ಜಗಳ ನಮಗೆ ಪೂರ್ತಿ ಕೇಳಿಸಿತು, ನಮ್ಮದೂ ಅವರಿಗೆ ಕೇಳಿರಬೇಕು. ತುಂಬಬೇಕಾದ ಫಾರ್ಮ್ ಇಂಗ್ಲಿಷಿನಲ್ಲಿದೆ. ಸಂಜೆ ಆರರ ಸಮಯ ಕೊಟ್ಟು ಏಳು ದಾಟಿಸಿ ಕರೆಯುತ್ತಾರೆ. ಮೇಲೆ ಫ್ಯಾನ್ ಸಾಲದು, ಏಪ್ರಿಲ್–ಮೇನಲ್ಲಿ ಹೋಗುವವರು ಟವಲ್ ಒಯ್ಯಿರಿ.

ಮಗ ಇನ್ನೂ ಬಿಟ್ಟಿಲ್ಲ. ಭಾನುವಾರ ಟೈ ಕಟ್ಟಿಕೊಂಡು ಮೀಟಿಂಗಿಗೆ ಹೋಗುತ್ತಾನೆ. ಹೋಗುವ ಮುಂಚೆ ಈಗ ಹೇಳಿ ಹೋಗುತ್ತಾನೆ, ಲೆಕ್ಕದ ವಹಿಯಲ್ಲಿ ಎರಡು ಪುಟ ಬರೆದಿದ್ದಾನೆ. ಅದನ್ನು ನಾನು ತೆರೆದು ನೋಡಿಲ್ಲ.

ಫೀ ಕೊಡುವುದು ಭಾರ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಿಟ್ಟಿನ ದುಡ್ಡಿನ ತಕರಾರಿದ್ದರೆ ಗ್ರಾಹಕ ಸಹಾಯವಾಣಿ 1915. ಕಿಟ್ ಕೊಂಡ ಬಿಲ್ ಜೊತೆಗಿರಲಿ.