ಎಪ್ಪತ್ತು ಬಾಕ್ಸಿನ ಗಾಡಿಯೋ, ನೂರು ಬಾಕ್ಸಿನದೋ?

ನಮ್ಮ ಕಡೆ ಪಿಕಪ್ ಗಾಡಿಯ ತಾಕತ್ತನ್ನು ಯಾರೂ ಟನ್ನಿನಲ್ಲಿ ಕೇಳುವುದಿಲ್ಲ. "ಎಷ್ಟು ಬಾಕ್ಸ್ ಹಿಡಿಯುತ್ತೆ?" ಅನ್ನುತ್ತಾರೆ, ಅಷ್ಟೇ. ಕೋಲಾರದ ಎಪಿಎಂಸಿಗೆ ಹಾಕುವ ಟೊಮೆಟೊ ಬಾಕ್ಸು ಅಂದರೆ 15 ಕೆ.ಜಿ. ಹಣ್ಣು. ಖಾಲಿ ಕ್ರೇಟೇ ಒಂದೂವರೆ ಕೆ.ಜಿ. ಮೇಲೆ ತೂಗುತ್ತೆ. ನೂರು ಬಾಕ್ಸ್ ಹೇರಿದರೆ ಹೆಚ್ಚುಕಡಿಮೆ 1,700 ಕೆ.ಜಿ. ಆಯಿತು.

ಊರು ಶ್ರೀನಿವಾಸಪುರ ತಾಲ್ಲೂಕಿನ ಗಡಿಯಲ್ಲಿ. ಈ ಕಡೆ ಹೋದರೆ ಕೋಲಾರದ ಮಂಡಿ, ಆ ಕಡೆ ಹೋದರೆ ಆಂಧ್ರದ ಮದನಪಲ್ಲಿ ಮಂಡಿ. ರೇಟು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ. ಇಷ್ಟು ವರ್ಷ ಬಾಡಿಗೆ ಗಾಡಿಯಲ್ಲೇ ಕಾಲ ಹಾಕಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಆಗ ಮನೆಯಲ್ಲಿ ಮಾತು ಶುರುವಾಯಿತು. ಕೊನೆಗೆ ಲೆಕ್ಕಕ್ಕೆ ಉಳಿದಿದ್ದು ಮೂರು: ಮಹೀಂದ್ರಾ ಬೊಲೆರೋ ಮ್ಯಾಕ್ಸ್ ಪಿಕಪ್ ಎಚ್‌ಡಿ 1.7, ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್ ಐ4, ಟಾಟಾ ಇಂಟ್ರಾ ವಿ30.

ಶೋರೂಮಿನ ಟೆಸ್ಟ್ ಡ್ರೈವ್ ನಂಬಿ ಸರಕು ಗಾಡಿ ತೆಗೆದುಕೊಳ್ಳಬಾರದು ಅಂತ ಮೊದಲನೇ ದಿನವೇ ಗೊತ್ತಾಯಿತು. ಖಾಲಿ ಗಾಡಿ, ಟಾರು ರಸ್ತೆ, ಎರಡು ಕಿಲೋಮೀಟರು. ಪಕ್ಕದಲ್ಲಿ ಕೂತ ಹುಡುಗ ಇಎಂಐ ಬಿಟ್ಟು ಬೇರೆ ಮಾತೇ ಆಡಲಿಲ್ಲ. "ಲೋಡ್ ಹಾಕಿ ಓಡಿಸಿ ನೋಡ್ತೀನಪ್ಪ" ಅಂದರೆ ನಕ್ಕುಬಿಟ್ಟ. ಹಾಗಾಗಿ ಬೇರೆ ದಾರಿ ಹಿಡಿದೆ. ಬೊಲೆರೋ ನಮ್ಮ ಬಾವನದೇ ಇತ್ತು. ಮಿಕ್ಕ ಎರಡನ್ನು ಮಂಡಿ ಹತ್ತಿರದ ಸ್ಟ್ಯಾಂಡಿನಿಂದ ಬಾಡಿಗೆಗೆ ಕರೆಸಿ, ನಮ್ಮ ತೋಟದ ಮಾಲನ್ನೇ ಹೇರಿ, ಅರ್ಧ ದಾರಿ ಡ್ರೈವರ್ ಪಕ್ಕ ಕೂತು, ಅರ್ಧ ದಾರಿ ನಾನೇ ಓಡಿಸಿದೆ. ಹೇಗೂ ಕೊಡಬೇಕಾದ ಬಾಡಿಗೆ, ಅದರಲ್ಲೇ ಪರೀಕ್ಷೆಯೂ ಮುಗಿಯಿತು.

ಮೊದಲು ಟೇಪು ಹಿಡಿದೆ. ನಾವು ಬಳಸುವ ಕ್ರೇಟು 54 ಸೆಂ.ಮೀ. ಉದ್ದ, 36 ಅಗಲ. ಮೂರು ಕ್ರೇಟನ್ನು ಅಡ್ಡಲಾಗಿ ಸಾಲಿಗಿಡಲು 162 ಸೆಂ.ಮೀ. ಬೇಕು. ಬೊಲೆರೋದ ಬಾಡಿ ಸುಮಾರು 170, ಬಡಾ ದೋಸ್ತ್‌ನದು 175. ಎರಡರಲ್ಲೂ ಒಂದು ಸಾಲಿಗೆ ಮೂರು ಕ್ರೇಟು ನೆಟ್ಟಗೆ ಕೂರುತ್ತವೆ. ಇಂಟ್ರಾದ ಅಗಲ 161. ಒಂದೇ ಒಂದು ಸೆಂ.ಮೀ. ಸಾಲದು! ಕೆಲವು ಕ್ರೇಟು ತಿರುಗಿಸಿ ಇಟ್ಟರೆ ಒಂದು ಪದರಕ್ಕೆ 18. ನಾಲ್ಕು ಪದರ ಜೋಡಿಸಿದರೆ ಸುಮಾರು 70 ಬಾಕ್ಸು ಹಿಡಿಯಿತು. ತೂಕವೂ 1,300 ಕೆ.ಜಿ. ಮಿತಿಯ ಒಳಗೇ ಬಂತು.

ಬೊಲೆರೋ ಬಗ್ಗೆ ಹೊಸದಾಗಿ ಹೇಳುವುದೇನಿದೆ. 2.5 ಲೀಟರಿನ ಎಂಜಿನ್, ಮುಂದೆ ಬಾನೆಟ್ಟು, ಯಾವ ಹಳ್ಳಿಯಲ್ಲಿ ನಿಂತರೂ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಸಿಗುತ್ತಾನೆ. 95 ಬಾಕ್ಸ್ ಹೇರಿ ತೋಟದ ಹಸಿ ಮಣ್ಣಿನಿಂದ ಎತ್ತಿದೆ, ಆಕ್ಸಿಲರೇಟರ್ ಒದೆಯದೆ ಮೇಲೆ ಬಂತು. ಮದನಪಲ್ಲಿ ದಾರಿಯ ಏರಿನಲ್ಲೂ ಹಾಗೇ. ಡೀಸೆಲ್ ಮಾತ್ರ ಮೂರರಲ್ಲಿ ಇದಕ್ಕೇ ಹೆಚ್ಚು ಬೇಕಾಯಿತು. ಒಂದೊಂದು ಟ್ರಿಪ್ಪಿನ ಲೆಕ್ಕ ಹಿಡಿದು ಮೈಲೇಜು ಇಷ್ಟೇ ಅಂತ ಬರೆಯುವುದು ಮೋಸ, ಅದಕ್ಕೇ ಅಂಕಿ ಹಾಕಿಲ್ಲ.

ಬಡಾ ದೋಸ್ತ್ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, 80 ಅಶ್ವಶಕ್ತಿ. ಮೂರು ಸಿಲಿಂಡರ್ ಏನು ಎಳೆದೀತು ಅಂದುಕೊಂಡಿದ್ದೆ, ತಪ್ಪಾಯಿತು. ಅದೇ 95 ಬಾಕ್ಸನ್ನು ಹೊತ್ತು ಹೆದ್ದಾರಿಯಲ್ಲಿ ಸಲೀಸಾಗಿ ಹೋಯಿತು. ಕ್ಯಾಬಿನ್ನಿನಲ್ಲಿ ಮೂವರು ಕೂರಬಹುದು. ಮನೆಯವಳು ಅವತ್ತು ಜೊತೆಗೆ ಬಂದಿದ್ದಳು, ಅವಳ ಓಟು ಇದಕ್ಕೇ ಬಿತ್ತು. ದಿನಾ ಬಾಡಿಗೆ ಹೊಡೆಯುವ ಕಸುಬು ನನ್ನದಾಗಿದ್ದರೆ ನಾನೂ ಇದನ್ನೇ ತೆಗೆದುಕೊಳ್ಳುತ್ತಿದ್ದೆ.

ಇಂಟ್ರಾ 70 ಅಶ್ವಶಕ್ತಿಯದು. 70 ಬಾಕ್ಸ್ ಹೇರಿ ಅದೇ ಏರಿಗೆ ಬಂದಾಗ ಎರಡನೇ ಗೇರಿಗೆ ಇಳಿಯಲೇಬೇಕಾಯಿತು, ಹಿಂದೆ ಬಂದ ಲಾರಿಯವನು ಹಾರನ್ ಹೊಡೆದ. ಆದರೆ ಸ್ಟೀರಿಂಗ್ ಎಲೆಕ್ಟ್ರಿಕ್, ಒಂದು ಕೈಯಲ್ಲಿ ತಿರುಗುತ್ತೆ. ನಮ್ಮ ತೋಟದ ಬದುವಿನ ತಿರುವಿನಲ್ಲಿ ಬೊಲೆರೋ ಹಿಂದೆ ಮುಂದೆ ಮಾಡಿಯೇ ತಿರುಗಬೇಕು. ಇದು ಒಂದೇ ಸಲಕ್ಕೆ ತಿರುಗಿತು. ಗೇರ್ ಲಿವರ್ ಡ್ಯಾಶ್‌ಬೋರ್ಡಿಗೆ ಬಂದಿರುವುದರಿಂದ ಕಾಲಿಗೆ ಏನೂ ಅಡ್ಡ ಇಲ್ಲ.

ಇಷ್ಟು ನೋಡಿದವರು ಬೊಲೆರೋ ಇಲ್ಲವೇ ದೋಸ್ತ್ ಅನ್ನುತ್ತಾರೆ. ನಾನೂ ಅದೇ ಅಂದುಕೊಂಡು ಮಲಗಿದೆ. ಬೆಳಗ್ಗೆ ಮನೆಯವಳು ಹೋದ ವರ್ಷದ ಮಂಡಿ ಪಟ್ಟಿಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಎರಡು ಎಕರೆ, ಎರಡು ಬೆಳೆ, ಒಟ್ಟು 46 ಸಲ ಮಂಡಿಗೆ ಹೋಗಿದ್ದೆವು. ಅದರಲ್ಲಿ 70 ಬಾಕ್ಸ್ ದಾಟಿದ್ದು ಒಂಬತ್ತೇ ಸಲ. ಟೊಮೆಟೊ ಹಾಗೇ ಅಲ್ಲವೇ: ಮೊದಲ ಕೊಯ್ಲು ಮೂವತ್ತು ನಲವತ್ತು ಬಾಕ್ಸು, ನಡುವೆ ಎರಡು ಮೂರು ವಾರ ಏರುತ್ತೆ, ಆಮೇಲೆ ಮತ್ತೆ ಇಳಿಯುತ್ತೆ. ನೂರು ಬಾಕ್ಸಿನ ದಿನ ಮನಸ್ಸಿನಲ್ಲಿ ಉಳಿಯುತ್ತೆ, ನಲವತ್ತರ ದಿನ ಮರೆತುಹೋಗುತ್ತೆ. ಅದೂ 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದ್ದನ್ನು ಕಂಡವರಿಗೆ ಕನಸೆಲ್ಲ ನೂರರ ಲೆಕ್ಕದಲ್ಲೇ ಬೀಳುತ್ತೆ.

ಅಂದು ಸಂಜೆ ಬಾವನ ಗಾಡಿಗೆ ಬರೀ ನಲವತ್ತು ಬಾಕ್ಸ್ ಹೇರಿ ಹೊರಟೆ. 1,700 ಕೆ.ಜಿ.ಗೆಂದು ಕಟ್ಟಿದ ಲೀಫ್ ಸ್ಪ್ರಿಂಗು 700 ಕೆ.ಜಿ.ಗೆ ಬಗ್ಗುವುದಿಲ್ಲ. ಅದು ಗಾಡಿಯ ತಪ್ಪಲ್ಲ, ಹೇರಿದವನದು. ಹಳ್ಳದ ರಸ್ತೆಯಲ್ಲಿ ಮೇಲಿನ ಕ್ರೇಟಿನ ಹಣ್ಣು ಕುಣಿದು ಬಂತು. ಹರಾಜಿನಲ್ಲಿ ಕೈಯಾಡಿಸಿ ನೋಡುವವರಿಗೆ ಒಂದು ಹಣ್ಣು ಒಡೆದಿದ್ದು ಕಂಡರೂ ಸಾಕು, ರೇಟು ಬೀಳುತ್ತೆ. ನಲವತ್ತೇ ಬಾಕ್ಸು ಇಂಟ್ರಾದಲ್ಲಿ ಹೋದ ದಿನ ಹಣ್ಣು ಹೆಚ್ಚು ಅಲುಗಿರಲಿಲ್ಲ.

ಇನ್ನೊಂದು ವಿಷಯ ಗಡಿಯವರಿಗೆ ಮುಖ್ಯ. ಲೋಡು ಸೇರಿ ಒಟ್ಟು ತೂಕ 3,000 ಕೆ.ಜಿ. ದಾಟದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಡ. ಇಂಟ್ರಾ ವಿ30 ಅದರೊಳಗೆ ಬರುತ್ತೆ. ಮಿಕ್ಕ ಎರಡು ದಾಟುತ್ತವೆ. ವಾರಕ್ಕೆರಡು ಸಲ ಆಂಧ್ರಕ್ಕೆ ಹೋಗುವವನಿಗೆ ಒಂದು ಕಾಗದದ ತಲೆನೋವು ಕಡಿಮೆಯಾಯಿತು. ಹಳದಿ ಬೋರ್ಡು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು), ಇನ್ಶೂರೆನ್ಸು ಮೂರಕ್ಕೂ ತಪ್ಪಿದ್ದಲ್ಲ. ಡಿಎಲ್ ಚಿಂತೆಯೂ ಬೇಡ, 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಖಚಿತಪಡಿಸಿದೆ.

ಇಂಟ್ರಾಗೆ ಅಡ್ವಾನ್ಸ್ ಕೊಟ್ಟು ಬಂದೆ. ಬಾವನಿಗೆ ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದ.

"ಸೀಸನ್ ಬಂದ್ಮೇಲೆ ನನ್ನ ಗಾಡಿಗೇ ಫೋನ್ ಮಾಡ್ತೀಯ, ನೋಡ್ತಿರು" ಅಂದ.

"ಮಾಡ್ತೀನಿ ಬಾವ. ಒಂಬತ್ತು ಟ್ರಿಪ್ಪು. ಬಾಡಿಗೆ ಎಷ್ಟಂತ ಈಗಲೇ ಹೇಳ್ಬಿಡಿ" ಅಂದೆ.