‘ಪಾಸ್ಟ್ ಮಾಸ್ಟರ್ಸ್’: ಎರಡನೇ ಡಿಸ್ಕಿನ ಆರನೇ ಹಾಡು

ಬೀಟಲ್ಸ್ ತಂಡದ ‘ಪಾಸ್ಟ್ ಮಾಸ್ಟರ್ಸ್’ ಜೋಡಿ ಸಿಡಿಯಲ್ಲಿ 33 ಹಾಡುಗಳಿವೆ. ಆಲ್ಬಂಗಳಿಗೆ ಸೇರದೆ ಸಿಂಗಲ್ (ಬದಿಗೊಂದು ಹಾಡಿನ ತಟ್ಟೆ), ಇಪಿ (ಕೆಲವೇ ಹಾಡುಗಳ ಸಣ್ಣ ತಟ್ಟೆ)ಗಳಲ್ಲೇ ಉಳಿದುಹೋಗಿದ್ದ ಹಾಡುಗಳನ್ನು 1988ರಲ್ಲಿ ಎರಡು ಸಂಪುಟಗಳಾಗಿ ಕೂಡಿಸಿದರು. 2009ರ ರೀಮಾಸ್ಟರ್‌ನಲ್ಲಿ ಎರಡೂ ಸೇರಿ ಒಂದೇ ಸೆಟ್ ಆಯಿತು. ಕೊಳ್ಳುವವರು ‘ಹೇ ಜೂಡ್’ಗಾಗಿ ಕೊಳ್ಳುತ್ತಾರೆ. ಎರಡನೇ ಡಿಸ್ಕಿನಲ್ಲಿ ಅದರ ಮುಂಚಿನ ಹಾಡಾಗಿ ಕೂತಿರುವ ‘ದಿ ಇನ್ನರ್ ಲೈಟ್’ಗಾಗಿ ಕೊಂಡರೂ ಕಾಸು ದಂಡವಲ್ಲ. ಬರೀ 2 ನಿಮಿಷ 36 ಸೆಕೆಂಡಿನ ಹಾಡು. ಅದರಲ್ಲಿ ನುಡಿಸಿದವರೆಲ್ಲ ಭಾರತದವರು. ಬೀಟಲ್ಸ್‌ನಿಂದ ಇರುವುದು ಕಂಠ ಮಾತ್ರ.

ಸಾಹಿತ್ಯದ ಮೂಲ ಕೇಂಬ್ರಿಜ್‌ನಲ್ಲಿದೆ. ಭಗವದ್ಗೀತೆ ಮತ್ತು ಉಪನಿಷತ್ತುಗಳನ್ನು ಪೆಂಗ್ವಿನ್‌ಗಾಗಿ ಇಂಗ್ಲಿಷಿಗೆ ತಂದ ಅಲ್ಲಿನ ಸಂಸ್ಕೃತ ವಿದ್ವಾಂಸ ಹ್ವಾನ್ ಮಸ್ಕಾರೋ, 1967ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆ ಪತ್ರ ಬರೆದು ತಮ್ಮ ‘ಲ್ಯಾಂಪ್ಸ್ ಆಫ್ ಫೈರ್’ ಸಂಕಲನವನ್ನು ಕಳಿಸಿದರು. ಅದರಲ್ಲಿದ್ದ ಚೀನಾದ ಪ್ರಾಚೀನ ಗ್ರಂಥ ತಾವೊ ತೆ ಚಿಂಗ್‌ನ 47ನೇ ಅಧ್ಯಾಯಕ್ಕೆ ರಾಗ ಹಾಕಬಾರದೇಕೆ ಎಂಬ ಸಲಹೆಯೂ ಅವರದೇ. ಮನೆಯ ಹೊಸಿಲು ದಾಟದೆಯೂ ಜಗತ್ತನ್ನು ಅರಿಯಬಹುದು ಎನ್ನುವ ಪುಟ್ಟ ಪದ್ಯ ಅದು. ಹ್ಯಾರಿಸನ್ ಮೊದಲ ಚರಣವನ್ನು ‘ನಾನು’ ಎಂದೇ ಹಾಡಿ, ಎರಡನೆಯದರಲ್ಲಿ ಅದೇ ಸಾಲುಗಳನ್ನು ‘ನೀನು’ ಎಂದು ತಿರುಗಿಸಿದರು. ಹಾಡು ಸ್ವಲ್ಪ ಉದ್ದವಾಯಿತು, ಕೇಳುವವನೂ ಅದರೊಳಗೆ ಬಂದ. ಕೇಳುವಾಗ ಈ ಒಂದು ಸರ್ವನಾಮದ ಬದಲಾವಣೆಯನ್ನು ಹಿಡಿಯಿರಿ. ಸಾಹಿತ್ಯದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಅದೇ.

ವಾದ್ಯಗಳ ಧ್ವನಿಮುದ್ರಣ ನಡೆದದ್ದು 1968ರ ಜನವರಿಯಲ್ಲಿ, ಬಾಂಬೆಯ ಎಚ್‌ಎಂವಿ ಸ್ಟುಡಿಯೋದಲ್ಲಿ. ಹ್ಯಾರಿಸನ್ ಅಲ್ಲಿಗೆ ಬಂದಿದ್ದು ‘ವಂಡರ್‌ವಾಲ್’ ಸಿನಿಮಾದ ಸಂಗೀತಕ್ಕೆ. ಈ ಹಾಡು ಅದೇ ದಿನಗಳ ಬಳುವಳಿ. ಸರೋದ್‌ನಲ್ಲಿ ಆಶಿಶ್ ಖಾನ್, ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ, ತಾಳಕ್ಕೆ ಮಹಾಪುರುಷ್ ಮಿಶ್ರಾ. ಸ್ಟುಡಿಯೋದಲ್ಲಿ ಹೊರಗಿನ ಸದ್ದಿಗೆ ಸರಿಯಾದ ತಡೆ ಇರಲಿಲ್ಲ. ಸಂಜೆ ಐದೂವರೆಗೆ ಕಚೇರಿಗಳು ಬಿಟ್ಟು ಜನ ಮೆಟ್ಟಿಲಿಳಿಯುವ ಸದ್ದು ಮೈಕಿಗೆ ಬೀಳುತ್ತಿದ್ದುದರಿಂದ ಮುದ್ರಣವನ್ನೇ ನಿಲ್ಲಿಸಬೇಕಾಗುತ್ತಿತ್ತು ಎಂದು ಹ್ಯಾರಿಸನ್ ನೆನೆದಿದ್ದಾರೆ. ಅಲ್ಲಿದ್ದುದು ಎಲ್ಲ ಸದ್ದನ್ನೂ ಒಂದೇ ಟ್ರ್ಯಾಕ್‌ಗೆ (ಟೇಪಿನ ಧ್ವನಿಪಟ್ಟಿಗೆ) ಹಿಡಿಯುವ ಮೊನೊ ಯಂತ್ರ. ರೆಕಾರ್ಡ್ ಕಂಪನಿ ಇಎಂಐನ ಭಾಸ್ಕರ್ ಮೆನನ್ ಕಲ್ಕತ್ತದಿಂದ ರೈಲಿನಲ್ಲಿ ಎರಡು ಟ್ರ್ಯಾಕ್‌ನ ಸ್ಟೀರಿಯೊ ಯಂತ್ರವನ್ನು ತಂದುಕೊಟ್ಟರು.

ಈ ಎರಡು ಟ್ರ್ಯಾಕ್ ಎನ್ನುವುದನ್ನು ಮರೆಯಬಾರದು. ಇಡೀ ವಾದ್ಯಮೇಳ ಎರಡೇ ಟ್ರ್ಯಾಕ್‌ಗಳಲ್ಲಿ ಬೆರೆತು ಕೂತಿದೆ. ಲಂಡನ್ನಿನಲ್ಲಿ ಅದನ್ನು ನಾಲ್ಕು ಟ್ರ್ಯಾಕ್‌ನ ಟೇಪಿಗೆ ನಕಲು ಮಾಡಿ, ಫೆಬ್ರುವರಿ 6ರಂದು ಹ್ಯಾರಿಸನ್ ದನಿ ಸೇರಿಸಿದರು. 8ರಂದು ತಂಡದ ಲೆನನ್ ಮತ್ತು ಮೆಕಾರ್ಟ್ನಿ ಕೊನೆಯ ಸಾಲಿಗೆ ದನಿಗೂಡಿಸಿದರು. ಹಾಗಾಗಿ ಕಂಠವನ್ನು ಏರಿಸಬಹುದು, ಇಳಿಸಬಹುದು. ಕೊಳಲೊಂದನ್ನೇ ಎತ್ತಲು ಆಗ ದಾರಿಯಿರಲಿಲ್ಲ. ರೀಮಾಸ್ಟರ್ ಎಂದರೆ ಸಿದ್ಧ ಮಿಕ್ಸ್‌ನ (ಟ್ರ್ಯಾಕ್‌ಗಳನ್ನು ಬೆರೆಸಿದ ಅಂತಿಮ ರೂಪದ) ಹೊಳಪು ತಿದ್ದುವುದು, ವಾದ್ಯಗಳನ್ನು ಬೇರ್ಪಡಿಸುವುದಲ್ಲ. 2009ರ ಸಿಡಿಯಿಂದ ಅದನ್ನು ನಿರೀಕ್ಷಿಸಿದರೆ ನಿರಾಸೆಯೇ.

ಆದರೂ ಈ ಸಿಡಿಯಲ್ಲಿ ಹಾಡು ಚೆನ್ನಾಗಿ ಉಸಿರಾಡುತ್ತದೆ. ಮೊದಲು ಸರೋದ್, ಶಹನಾಯಿ, ಪಖಾವಜ್ (ಮೃದಂಗದಂಥ ವಾದ್ಯ) ಒಟ್ಟಾಗಿ ಬಿರುಸಿನಿಂದ ಬರುತ್ತವೆ. ಹಾಡು ಶುರುವಾದ ಕೂಡಲೆ ಆ ಬಿರುಸು ಇಳಿದು ಕೊಳಲು, ಹಾರ್ಮೋನಿಯಂ ಕಂಠದ ಜೊತೆ ನಡೆಯುತ್ತವೆ. ಚರಣ ಮುಗಿಯುತ್ತಲೇ ಮತ್ತೆ ಬಿರುಸು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ಪಖಾವಜ್‌ನ ತಳದ ಗುಮ್ಮನೆಯ ನಾದ ಕಾಣೆಯಾಗಿ ಶಹನಾಯಿ ಮಾತ್ರ ಕಿವಿ ಚುಚ್ಚುತ್ತದೆ. ಹೆಡ್‌ಫೋನ್ ಹಾಕಿ, ಈಕ್ವಲೈಜರ್ ಮುಟ್ಟದೆ, ಮೊದಲ ಚರಣದ ಕಂಠಕ್ಕೆ ತಕ್ಕಂತೆ ವಾಲ್ಯೂಮ್ ಹೊಂದಿಸಿ. ಆರಂಭದ ವಾದ್ಯಗಳಿಗೆ ಹೊಂದಿಸಿದರೆ ಹಾಡುವ ಭಾಗ ಮಂಕಾಗುತ್ತದೆ.

ಸಿಡಿಯಲ್ಲಿರುವುದು ಸ್ಟೀರಿಯೊ ಮಿಕ್ಸ್. ಅದು 1970ರ ಜನವರಿ 27ರದು, ಅಂದರೆ ಹಾಡು ಹೊರಬಂದ ಸುಮಾರು ಎರಡು ವರ್ಷದ ನಂತರದ್ದು. 1968ರ ಮಾರ್ಚ್ 15ರಂದು ‘ಲೇಡಿ ಮಡೋನಾ’ದ ಹಿಂಬದಿಯಲ್ಲಿ ಜನ ಕೇಳಿದ್ದು ಮೊನೊ. ಅದು ಬೇಕಿದ್ದವರಿಗೆ ‘ಮೊನೊ ಮಾಸ್ಟರ್ಸ್’ ಇದೆ: 2009ರ ಮೊನೊ ಸಿಡಿ ಪೆಟ್ಟಿಗೆಯಲ್ಲೂ ಸಿಗುತ್ತದೆ, 2014ರ ಮೂರು ಎಲ್‌ಪಿಗಳ ಸೆಟ್ಟಿನಲ್ಲೂ ಸಿಗುತ್ತದೆ. ಮೊನೊದಲ್ಲಿ ವಾದ್ಯಗಳು ಒಂದೇ ಗಂಟಾಗಿ ಮುಂದೆ ಬರುತ್ತವೆ. ಬಿರುಸಿನ ಭಾಗಕ್ಕೆ ಅದು ಒಪ್ಪುತ್ತದೆ, ಆದರೆ ಕೊಳಲಿನ ಸುತ್ತ ಜಾಗ ಬೇಕು. ನಮ್ಮ ಮತ ಸ್ಟೀರಿಯೊಗೆ.

ಹಳೆಯ 45 ಆರ್‌ಪಿಎಂ ಸಿಂಗಲ್ ಹುಡುಕುವವರು ಬ್ರಿಟಿಷ್ ಮುದ್ರಣವಾದರೆ ಪಾರ್ಲೊಫೋನ್ ಲೇಬಲ್ಲಿನ ಆರ್ 5675 ಎಂಬ ಸಂಖ್ಯೆ ನೋಡಿಕೊಳ್ಳಿ. ಮೇಲ್ಬದಿಯ ಹಾಡನ್ನೇ ಹೆಚ್ಚು ನುಡಿಸಿ ಸವೆಸಿರುವುದರಿಂದ ಹಿಂಬದಿಯ ಗೆರೆಗಳು ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತವೆ. ಪರೀಕ್ಷಿಸುವಾಗ ಕೊನೆಯ ಅರ್ಧ ನಿಮಿಷ ನುಡಿಸಿ: ಗೆರೆ ಒಳಕ್ಕೆ ಹೋದಷ್ಟೂ ಸವೆತ ಬೇಗ ಬಯಲಾಗುತ್ತದೆ, ‘ಸ’ಕಾರ ಗೊರಗೊರ ಎನ್ನುತ್ತದೆ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿಯಿದ್ದರೆ ಒತ್ತಿ. ಗೀರಿನ ಸದ್ದು ಸಾಕಷ್ಟು ಕಡಿಮೆಯಾಗುತ್ತದೆ.

ಸಿಡಿಯ ನಂತರ ಕೊಳ್ಳಬೇಕಾದದ್ದು ಹ್ಯಾರಿಸನ್‌ರ ಆ ಸಿನಿಮಾ ಸಂಗೀತದ ಆಲ್ಬಂ ‘ವಂಡರ್‌ವಾಲ್ ಮ್ಯೂಸಿಕ್’ನ 2014ರ ಆವೃತ್ತಿ. ಅದರ ಕೊನೆಯಲ್ಲಿ ಇದೇ ಹಾಡಿನ ಇನ್ನೊಂದು ಟೇಕ್ (ಬೇರೊಂದು ಸಲದ ಮುದ್ರಣ) ಇದೆ, ಹಾಡುಗಾರಿಕೆಯಿಲ್ಲದ ಬರೀ ವಾದ್ಯ. ಕಂಠದ ಹಿಂದೆ ಕೊಳಲು ಏನು ಮಾಡುತ್ತಿತ್ತು ಎಂಬುದು ಅಲ್ಲಿ ತೆರೆದು ಕೇಳಿಸುತ್ತದೆ.