‘ಆಲ್ ಸೀಸನ್’ ಟೆಂಟ್ ನಂಬಿ ಮಗನನ್ನು ಬಾಣೆ ಮೇಲೆ ಮಲಗಿಸಿದೆ

ಅಕ್ಟೋಬರ್ ಎರಡನೇ ವಾರ. ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಬಾಣೆಯ, ಅಂದರೆ ಹುಲ್ಲುಗುಡ್ಡದ, ತುದಿ. ರಾತ್ರಿ ಒಂದೂವರೆಗೆ ನನ್ನ ಹನ್ನೆರಡು ವರ್ಷದ ಮಗನ ಹಲ್ಲು ಕಟಕಟ ಬಡಿದುಕೊಳ್ಳುತ್ತಿತ್ತು. ಅವನ ಸ್ಲೀಪಿಂಗ್ ಬ್ಯಾಗ್‌ನ ತುದಿ ಹಿಂಡಿದರೆ ನೀರು ಸುರಿಯುತ್ತಿತ್ತು. ಕೋಲು ಮುರಿದ ಟೆಂಟ್ ನಮ್ಮ ಮುಖದ ಮೇಲೆ ಬಿದ್ದಿತ್ತು. ಇಬ್ಬರೂ ಜೀವಸಹಿತ ಕೆಳಗಿಳಿದೆವು, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಮಳೆಗಾಲ ಕಳೆದ ಮೇಲೆ ಬೆಟ್ಟದಲ್ಲಿ ರಾತ್ರಿ ತಂಗುವ ಆಸೆಯಿಂದ ಹಗುರದ ಟೆಂಟ್ ಹುಡುಕುತ್ತಿರುವವರು, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರು, ದಯವಿಟ್ಟು ಪೂರ್ತಿ ಓದಿ.

ಟೆಂಟ್ ತಗೊಂಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ, ಹನ್ನೊಂದು ಸಾವಿರ ಚಿಲ್ಲರೆ ಕೊಟ್ಟು. ಇಬ್ಬರು ಮಲಗುವಷ್ಟು ಜಾಗ, 1.6 ಕಿಲೋ ತೂಕ, ಅಡ್ಡಡ್ಡ ಬಾಗಿ ನಿಲ್ಲುವ ಎರಡು ಅಲ್ಯೂಮಿನಿಯಂ ಕೋಲು. ಗೂಟ ಹೊಡೆಯದೆಯೂ ತಾನಾಗಿ ನಿಲ್ಲುತ್ತದೆ, ಫ್ರೀಸ್ಟ್ಯಾಂಡಿಂಗ್ ಅಂದರು. ಚೀಲದ ಮೇಲೆ ‘ಆಲ್ ಸೀಸನ್’ ಅಂತ ದಪ್ಪಕ್ಷರ, ಕೆಳಗೆ 3000 ಮಿ.ಮೀ. ಅಂತ ಒಂದು ಅಂಕಿ. ನಾನು ಮಡಿಕೇರಿಯವನು ಅಂದಾಗ ಅಂಗಡಿಯ ಹುಡುಗ ಆ ಅಂಕಿಯ ಮೇಲೆ ಬೆರಳಿಟ್ಟು, “ನಿಮ್ಮೂರ ವರ್ಷದ ಮಳೆಗೂ ಸಾಕು ಸಾರ್” ಅಂದ. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವುದು ಎಲ್ಲರಿಗೂ ಗೊತ್ತಿರುವ ವಿಷಯ. ಎರಡೂ ಒಂದೇ ಲೆಕ್ಕ ಇರಬೇಕು ಅಂತ ನಾನೂ ನಂಬಿದೆ.

ಆದರೆ ಆ 3000ಕ್ಕೂ ಮಳೆಗೂ ಸಂಬಂಧವೇ ಇಲ್ಲ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರಿನ ಭಾರ ಬೀಳುವವರೆಗೆ ಅದು ಸೋರದೆ ತಡೆಯುತ್ತದೆ ಅನ್ನುವ ಪರೀಕ್ಷೆಯ ಅಂಕಿ ಅದು. ಹೊಸ ಬಟ್ಟೆಯ ತುಂಡೊಂದಕ್ಕೆ ಮಾಡುವ ಪರೀಕ್ಷೆ. ಹೊಲಿಗೆಗೆ, ಜಿಪ್ಪಿಗೆ, ಗಾಳಿಗೆ ಅದು ಅನ್ವಯಿಸುವುದಿಲ್ಲ. ಮೂರು ಮೀಟರ್ ನೀರು ತಡೆಯುವ ಬಟ್ಟೆಯನ್ನೇ ತಂದು ಹೊಲಿದರೂ ಸೂಜಿ ಹೋದ ಕಡೆಯೆಲ್ಲ ತೂತು ಇದ್ದೇ ಇರುತ್ತದೆ. ಆ ತೂತು ಮುಚ್ಚಲು ಒಳಗಡೆಯಿಂದ ಒಂದು ಪಾರದರ್ಶಕ ಪಟ್ಟಿ ಅಂಟಿಸಿರುತ್ತಾರೆ. ನಮ್ಮ ಕಥೆ ಕೆಟ್ಟಿದ್ದು ಆ ಪಟ್ಟಿಯಿಂದಲೇ.

ಬಾಣೆ ಮಾವನ ತೋಟಕ್ಕೆ ಸೇರಿದ್ದು. (ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಕಣ್ಣೆದುರೇ ಇದೆ ಅಂತ ಅಲ್ಲಿ ಟೆಂಟ್ ಹಾಕಲು ಹೋಗಬೇಡಿ.) ಮಾವ ಮೊದಲೇ ಹೇಳಿದ್ದರು: “ಬಾಣೆ ತುದಿ ಬೇಡ ಮಾರಾಯ್ರೆ, ಗಾಳಿ ಜಾಸ್ತಿ ಉಂಟು. ಕಣದ ಹತ್ರ ಹಾಕಿ, ರಾತ್ರಿ ಏನಾದ್ರೂ ಆದ್ರೆ ಮನೆಗೆ ಬರ್ಬಹುದು.” ಬೆಳಗಾಗೆದ್ದು ತಡಿಯಂಡಮೋಳ್ ಕಡೆಯ ಮಂಜು ನೋಡಬೇಕು ಅಂತ ಮಗ ಹಟ ಹಿಡಿದ. ನಾನು ಮಗನ ಮಾತು ಕೇಳಿದೆ.

ಸಂಜೆ ನಾಲ್ಕಕ್ಕೆ ಟೆಂಟ್ ಎಬ್ಬಿಸಿದೆವು. ಹತ್ತು ನಿಮಿಷದ ಕೆಲಸ. ಅಲ್ಲಿ ಅರ್ಧ ಗೇಣು ಮಣ್ಣು, ಅದರಡಿಗೆ ಬಂಡೆ. ಎಂಟು ಗೂಟದಲ್ಲಿ ಮೂರು ಮಾತ್ರ ಸರಿಯಾಗಿ ಇಳಿದವು. ತಾನಾಗಿ ನಿಲ್ಲುವ ಟೆಂಟ್ ಅಲ್ಲವೇ ಅಂತ ಉಳಿದದ್ದನ್ನು ಹಾಗೇ ಬಿಟ್ಟೆ, ಗಾಳಿಗೆ ಎಳೆದು ಕಟ್ಟುವ ಹಗ್ಗಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಇದು ಪೂರ್ತಿ ನನ್ನ ತಪ್ಪು. ತಾನಾಗಿ ನಿಲ್ಲುತ್ತದೆ ಅಂದರೆ ಆಕಾರ ಕೆಡದೆ ನಿಲ್ಲುತ್ತದೆ, ಎತ್ತಿ ಆಚೆ ಈಚೆ ಇಡಬಹುದು, ಅಷ್ಟೇ. ಗಾಳಿ ಬಂದಾಗ ಅದನ್ನು ನೆಲದ ಮೇಲೆ ಹಿಡಿದಿಡುವುದು ಗೂಟ, ಹಗ್ಗ, ಕಲ್ಲು. ಗೂಟ ಇಳಿಯದ ಜಾಗದಲ್ಲಿ ಹಗ್ಗವನ್ನು ಒಂದು ಕಲ್ಲಿಗೆ ಸುತ್ತಿ ಅದರ ಮೇಲೆ ಇನ್ನೊಂದು ದೊಡ್ಡ ಕಲ್ಲು ಹೇರಬೇಕು. ಅಲ್ಲಿ ಕಲ್ಲಿಗೇನೂ ಬರ ಇರಲಿಲ್ಲ.

ಒಂಬತ್ತರ ಹೊತ್ತಿಗೆ ಮಂಜು ಇಳಿಯಿತು. ಹತ್ತಕ್ಕೆ ಹಣೆ ಮೇಲೆ ಒಂದು ಹನಿ ಬಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಹೊರಪದರದ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು. ಬೆರಳು ತಾಗಿಸಿದ ಕಡೆ ಅವೆಲ್ಲ ಕೂಡಿ ಗೆರೆಯಾಗಿ ಇಳಿದವು. ಮಲಗಿದ ಒಬ್ಬ ಮನುಷ್ಯನ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಸುಮಾರು ಒಂದು ಲೋಟ ನೀರು ಆವಿಯಾಗಿ ಹೋಗುತ್ತದೆ. ನಾವು ಇಬ್ಬರು. ಆ ಆವಿಗೆ ಹೊರಹೋಗಲು ದಾರಿ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದು ‘ಆಲ್ ಸೀಸನ್’ ಪದದೊಳಗೇ ಇದೆ, ನನಗೆ ಗೊತ್ತಾಗಿದ್ದು ಆಮೇಲೆ. ಟೆಂಟ್ ಮಾಡುವವರ ಲೆಕ್ಕದಲ್ಲಿ ಮೂರು ಸೀಸನ್ ಅಂದರೆ ಚಳಿಗಾಲ ಬಿಟ್ಟು ಉಳಿದದ್ದು. ನಾಲ್ಕನೆಯದು ಹಿಮ ಬೀಳುವ ಕಾಲ. ಆ ಹಿಮ ಒಳಗೆ ತೂರಬಾರದು ಅಂತ ಒಳಪದರಕ್ಕೆ ಬಲೆಯ ಬದಲು ಗಟ್ಟಿ ಬಟ್ಟೆ ಹಾಕುತ್ತಾರೆ, ಹೊರಪದರವನ್ನು ನೆಲದವರೆಗೂ ಇಳಿಸುತ್ತಾರೆ, ಗಾಳಿಕಿಂಡಿ ಚಿಕ್ಕದಾಗಿ ಇಡುತ್ತಾರೆ. ಒಣ ಚಳಿಗೆ ಅದು ಸರಿ. ಆ ನಾಲ್ಕು ಕಾಲಗಳಲ್ಲಿ ನಮ್ಮ ಮಳೆಗಾಲ ಇಲ್ಲವೇ ಇಲ್ಲ. ಬಟ್ಟೆ ಒಣಗದ, ಗೋಡೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಕೊಡಗಿನ ತೇವಕ್ಕೆ ಬೇಕಾಗಿರುವುದು ಅದಕ್ಕೆ ಪೂರಾ ವಿರುದ್ಧವಾದದ್ದು: ಒಳಪದರದಲ್ಲಿ ಬೇಕಾದಷ್ಟು ಬಲೆ, ಮೇಲೆ ದೊಡ್ಡ ಕಿಂಡಿ, ಹೊರಪದರಕ್ಕೂ ಒಳಪದರಕ್ಕೂ ನಡುವೆ ಅಂಗೈ ಆಡುವಷ್ಟು ಜಾಗ. ಇನ್ನೊಂದು ವಿಷಯ. ಹಿಮದ ಭಾರ ತಡೆಯುವ ನಿಜವಾದ ನಾಲ್ಕು ಸೀಸನ್ ಟೆಂಟಿನ ಕೋಲು, ಬಟ್ಟೆ ಎರಡೂ ದಪ್ಪ ಇರುತ್ತವೆ, ಹಾಗಾಗಿ ತೂಕವೂ ಸಾಮಾನ್ಯವಾಗಿ ಜಾಸ್ತಿ. ಹಗುರ, ಅಗ್ಗ, ಎಲ್ಲ ಕಾಲಕ್ಕೂ ಸೈ, ಈ ಮೂರನ್ನೂ ಒಂದೇ ಚೀಲದ ಮೇಲೆ ಬರೆದಿದ್ದರೆ ಅಲ್ಲೇ ಅನುಮಾನ ಪಡಿ.

ಹನ್ನೆರಡೂವರೆಗೆ ಗುಡುಗು ಶುರುವಾಯಿತು, ಬೆನ್ನಿಗೇ ಮಳೆ. ನೈಲಾನ್ ಬಟ್ಟೆ ನೀರು ಕುಡಿದರೆ ಹಿಗ್ಗಿ ಜೋಲುತ್ತದೆ. ಸಂಜೆ ಬಿಗಿಯಾಗಿದ್ದ ಹೊರಪದರ ಈಗ ಹೊಟ್ಟೆ ಬಿಟ್ಟುಕೊಂಡು ಒಳಪದರಕ್ಕೆ ಅಂಟಿತು, ತಾಗಿದ ಕಡೆಯೆಲ್ಲ ನೀರು ಒಳಗೆ ಜಿನುಗಿತು. ಮಧ್ಯೆ ಎದ್ದು ಹೊರಗೆ ಹೋಗಿ ಮತ್ತೆ ಬಿಗಿ ಮಾಡಬೇಕಿತ್ತಂತೆ. (ಪಾಲಿಯೆಸ್ಟರ್ ಇಷ್ಟು ಜೋಲುವುದಿಲ್ಲ.) ಕೋಲು ಕೋಲು ಕೂಡುವ ಕಡೆ ಹೊಲಿಗೆಯಿಂದ ಮೊದಲು ಹನಿ, ಆಮೇಲೆ ಧಾರೆ. ನೆಲದ ಶೀಟು ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿತ್ತು. ಮೇಲಿನಿಂದ ಇಳಿದ ನೀರನ್ನೆಲ್ಲ ಅದು ನಮ್ಮ ಬೆನ್ನಡಿಗೆ ತಂದು ನಿಲ್ಲಿಸಿತು. ಒಂದು ದೊಡ್ಡ ಗಾಳಿಗೆ ಮೂರು ಗೂಟವೂ ಕಿತ್ತು ಬಂದವು, ಟೆಂಟ್ ನಮ್ಮಿಬ್ಬರನ್ನೂ ಹೊತ್ತುಕೊಂಡೇ ಓರೆಯಾಯಿತು. ಟಕ್ ಅಂದಿತು. ಮುರಿದ ಕೋಲಿನ ತುದಿ ಬಟ್ಟೆ ಸೀಳಿಕೊಂಡು ಹೊರಗೆ ಹೋಯಿತು.

ಮಿಂಚಿನ ಬೆಳಕಲ್ಲಿ ಮಗನ ತುಟಿ ನೋಡಿದೆ, ಬಣ್ಣ ಇರಲಿಲ್ಲ. “ಅಪ್ಪ, ನಿದ್ದೆ ಬರ್ತಿದೆ” ಅಂದ. ಅಷ್ಟು ನಡುಗುತ್ತಿರುವ ಮಗು ನಿದ್ದೆ ಅಂದರೆ ಅದು ಒಳ್ಳೆಯ ಸೂಚನೆ ಅಲ್ಲ, ಒಂದು ನಿಮಿಷವೂ ಅಲ್ಲಿ ನಿಲ್ಲಬಾರದು. ಟೆಂಟ್, ಒಲೆ, ಚೀಲ ಎಲ್ಲ ಅಲ್ಲೇ ಬಿಟ್ಟು ಅವನ ಕೈ ಹಿಡಿದು ಇಳಿದೆ. ಬೋಳು ಬಾಣೆಯ ತುದಿ ಸಿಡಿಲಿಗೆ ಎಲ್ಲಕ್ಕಿಂತ ಕೆಟ್ಟ ಜಾಗ. ಟೆಂಟ್ ಎಷ್ಟೇ ಒಳ್ಳೆಯದಾದರೂ ಸಿಡಿಲನ್ನು ತಡೆಯುವುದಿಲ್ಲ. ಇಳಿಯುವಾಗ ನನ್ನ ತಲೆಯಲ್ಲಿದ್ದದ್ದು ಅದು, ಜೊತೆಗೆ ಆನೆ.

ಅರ್ಧ ಗಂಟೆ ಬೇಕಾಯಿತು. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ನಾಯಿ ಬೊಗಳಿದ್ದು ಕೇಳಿ ತೋಟದ ಲೆಕ್ಕಪತ್ರ ನೋಡುವ ರೈಟರ್ ಟಾರ್ಚ್ ಹಿಡಿದು ಬಂದರು. ಅವರ ಹೆಂಡತಿ ಮಗನ ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿ, ಕಂಬಳಿ ಸುತ್ತಿ, ಒಲೆ ಮುಂದೆ ಕೂರಿಸಿ ಬೆಲ್ಲದ ಕಾಫಿ ಕುಡಿಸಿದರು. ಅವನ ಕಾಲಿಂದ ಹನ್ನೊಂದು ಜಿಗಣೆ ತೆಗೆದರು. ಆ ತಾಯಿಗೆ ನಾನು ಯಾವತ್ತೂ ಋಣಿ.

ಬೆಳಿಗ್ಗೆ ಮಾವ ಮಳೆ ಅಳೆಯುವ ಗಾಜಿನ ಕೊಳವೆ ಎತ್ತಿ ನೋಡಿ, “ಎರಡು ಇಂಚು ನಲವತ್ತು ಸೆಂಟು” ಅಂದರು. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು, ಒಟ್ಟು ಸುಮಾರು 61 ಮಿ.ಮೀ. ಇಲ್ಲಿನ ಜುಲೈಯಲ್ಲಿ ಇದನ್ನು ಯಾರೂ ದೊಡ್ಡ ಮಳೆ ಅನ್ನುವುದಿಲ್ಲ.

ಬಿಸಿಲು ಬಂದ ಮೇಲೆ ಟೆಂಟ್ ತಂದು ಕಣದಲ್ಲಿ ಹರಡಿದೆ. ಹೊಲಿಗೆಯ ಪಟ್ಟಿಯನ್ನು ಹೆಬ್ಬೆರಳಿಂದ ಸವರಿದರೆ ಅದು ಬೆರಳಿಗೇ ಅಂಟಿ ಕಿತ್ತು ಬಂತು. ಬಟ್ಟೆಯ ಒಳಮೈ ಜಿಗುಟು. ಒಂದು ಹುಳಿ ವಾಸನೆ, ಮಗು ಹಾಲು ಕಕ್ಕಿದಾಗ ಬರುವಂಥದ್ದು. ಈ ವಾಸನೆ ಅಂಗಡಿಯಲ್ಲಿ ಚೀಲ ಬಿಚ್ಚಿದಾಗಲೂ ಇತ್ತು, ಹೊಸ ಮಾಲಿನ ವಾಸನೆ ಅಂದುಕೊಂಡಿದ್ದೆ. ನೀರು ತಡೆಯಲು ಬಳಿಯುವ ಪಾಲಿಯುರೇಥೇನ್ ಲೇಪ ಸೆಕೆಯಲ್ಲಿ, ತೇವದಲ್ಲಿ ವರ್ಷಗಟ್ಟಲೆ ಮಡಚಿ ಬಿದ್ದಿದ್ದರೆ ಹೀಗೆ ಕೊಳೆಯುತ್ತದೆ. ನನಗೆ ಹೊಸದು ಅಂತ ಕೊಟ್ಟದ್ದು ಗೋದಾಮಿನಲ್ಲಿ ಕೂತು ಕೆಟ್ಟ ಹಳೇ ಮಾಲು, ಇದರಲ್ಲಿ ನನಗೆ ಅನುಮಾನ ಇಲ್ಲ. ಅಂಗಡಿಗೆ ಫೋಟೋ ಕಳಿಸಿದೆ. ನೀವು ಸರಿಯಾಗಿ ಕಟ್ಟಿಲ್ಲ, ಗಾಳಿಮಳೆಯ ಹಾನಿಗೆ ವಾರಂಟಿ ಇಲ್ಲ ಅಂದರು. ಕಟ್ಟಿದ್ದರ ಬಗ್ಗೆ ಅವರು ಹೇಳಿದ್ದು ನಿಜ, ಕೋಲಿನ ದುಡ್ಡು ನಾನು ಕೇಳಲೂ ಇಲ್ಲ. ಆದರೆ ಕಿತ್ತು ಬರುವ ಪಟ್ಟಿಗೂ ನಾನು ಕಟ್ಟಿದ್ದಕ್ಕೂ ಏನು ಸಂಬಂಧ? ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಹಾಗಾಗಿ ಅಂಗಡಿಯಲ್ಲೇ ಪೂರ್ತಿ ಬಿಚ್ಚಿಸಿ. ಮೂಸಿ ನೋಡಿ. ಒಳಮೈಗೆ ಒಳಮೈ ಒತ್ತಿ ಹಿಡಿದು ಬಿಡಿಸಿ, ಅಂಟಿದರೆ ವಾಪಸ್ ಕೊಡಿ. ಎಲ್ಲ ಹೊಲಿಗೆಗೂ ಪಟ್ಟಿ ಇದೆಯೇ ನೋಡಿ. ಸಿಲಿಕೋನ್ ಲೇಪದ ಬಟ್ಟೆಗೆ ಪಟ್ಟಿ ಅಂಟುವುದಿಲ್ಲ, ಅದಕ್ಕೆ ಬೇರೆ ಅಂಟು ಬಳಿಯಬೇಕು, ಯಾರು ಬಳಿಯುವುದು ಅಂತ ಕೇಳಿ. ಮನೆಗೆ ತಂದ ಮೇಲೆ ಅಂಗಳದಲ್ಲಿ ಹಾಕಿ, ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಅರ್ಧ ಗಂಟೆ ಬಿಡದೆ ನೀರು ಬಿಡಿ, ಒಳಗೆ ನೀವೇ ಕೂತಿರಿ. ನಾನು ಟೆರೇಸಿನ ಮೇಲೆ ಒಂದು ಒಣ ರಾತ್ರಿ ಮಲಗಿ ಅದನ್ನೇ ಪರೀಕ್ಷೆ ಅಂದುಕೊಂಡೆ. ಒಂದು ಕೋಲು ಮುರಿದರೆ ಮೇಲೆ ತೂರಿಸಿ ಕಟ್ಟುವ ಗೇಣುದ್ದದ ಅಲ್ಯೂಮಿನಿಯಂ ಕೊಳವೆ ಸಿಗುತ್ತದೆ, ಅದಿಲ್ಲದೆ ಹೊರಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಟೆಂಟೂ ಬೇಡ, ಇಲ್ಲಿಯ ಬೆಟ್ಟಗಳಿಗೆ ಬರಲೇಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಮನೆಗಳೇ ಹೋದ ಊರು ಇದು. ಬರೆಯ (ಕಡಿದಾದ ಮಣ್ಣಿನ ಗೋಡೆ) ಕೆಳಗೆ, ತೋಡಿನ (ಹಳ್ಳ) ಪಕ್ಕ, ಮಳೆ ನಿಂತ ಮೇಲೂ ಮಲಗಬೇಡಿ.

ಟೆಂಟ್ ನಮ್ಮ ಅಟ್ಟದ ಮೇಲಿದೆ. ಮಾರುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಹೊಸದು ಕೊಳ್ಳುವ ಮೊದಲು ಕೆಟ್ಟ ಹೊಲಿಗೆ ಬೆರಳಿಗೆ ಹೇಗೆ ತಾಗುತ್ತದೆ ಅಂತ ಗೊತ್ತುಮಾಡಿಕೊಳ್ಳಬೇಕು ಅನ್ನುವವರು ಮಡಿಕೇರಿ ಕಡೆ ಬಂದರೆ ಹೇಳಿ, ಇಳಿಸಿ ತೋರಿಸುತ್ತೇನೆ.